ಅಂಗಡಿಯ ಗಣಕಯಂತ್ರಕ್ಕೆ ಸ್ಥಿರ ಆವೃತ್ತಿಯೋ, ನಿರಂತರ ಪರಿಷ್ಕರಣೆಯೋ?

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿತು. ಮರುದಿನವೂ ಯಂತ್ರಗಳು ಎಂದಿನಂತೆಯೇ ಚಾಲೂ ಆದವು, ಬಿಲ್ಲುಗಳು ಎಂದಿನಂತೆಯೇ ಅಚ್ಚಾದವು. ಹೀಗಾಗಿ ಅನೇಕ ವ್ಯಾಪಾರಸ್ಥರು ಈ ದಿನಾಂಕವನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಅಂದಿನಿಂದ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಆ ಯಂತ್ರಗಳಲ್ಲಿ ತಾನಾಗಿ ತಿದ್ದುಪಡಿ ಬರುವುದು ನಿಂತಿದೆ. ವಿಸ್ತರಿತ ಬೆಂಬಲಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಗೃಹ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಅವಕಾಶವನ್ನು ಆಗ ಘೋಷಿಸಲಾಗಿತ್ತು. ಸಂಸ್ಥೆಗಳಿಗೆ ಹಣ ತೆತ್ತು ಗರಿಷ್ಠ ಮೂರು ವರ್ಷ ಪಡೆಯುವ ಅವಕಾಶವಿದ್ದು, ಅದರ ದರ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತದೆ.

ವಿಂಡೋಸ್ 11ಕ್ಕೆ ಏರೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಸಂಸ್ಕಾರಕ ಬೇಕು. ಏಳೆಂಟು ವರ್ಷಗಳಿಗೂ ಹಿಂದೆ ಕೊಂಡ ಯಂತ್ರಗಳಲ್ಲಿ ಹೆಚ್ಚಿನವು ಈ ಅರ್ಹತೆಯನ್ನು ಪೂರೈಸುವುದಿಲ್ಲ. ಇಂಡಿಯ ಲಿಂಬೆ ದಲಾಲಿ ಅಂಗಡಿಯಾಗಲಿ, ಸಿಂದಗಿಯ ಹತ್ತಿ ವ್ಯಾಪಾರವಾಗಲಿ, ಮುದ್ದೇಬಿಹಾಳದ ದಾಲ್ ಮಿಲ್ಲಾಗಲಿ, ಬಸವನ ಬಾಗೇವಾಡಿಯ ಸಗಟು ಕಿರಾಣಿ ಮಳಿಗೆಯಾಗಲಿ, ಇಂತಹ ಹಳೆಯ ಯಂತ್ರವೊಂದು ಗಲ್ಲೆಯ ಪಕ್ಕದಲ್ಲಿ ಇದ್ದೇ ಇರುತ್ತದೆ. ಅದರ ಮಾಲೀಕನ ಮುಂದೆ ಎರಡು ಮಾರ್ಗಗಳಿವೆ: ಹೊಸ ಯಂತ್ರವನ್ನು ಕೊಳ್ಳುವುದು, ಇಲ್ಲವೆ ಅದೇ ಯಂತ್ರಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸುವುದು. ಏನೂ ಮಾಡದೆ ಸುಮ್ಮನಿರುವುದು ಮೂರನೆಯ ಮಾರ್ಗವೆಂದು ಯಾರೂ ಭಾವಿಸಬಾರದು.

ಲಿನಕ್ಸ್ ಎಂದೊಡನೆ ಇನ್ನೊಂದು ಪ್ರಶ್ನೆ ಉದ್ಭವಿಸುತ್ತದೆ. ಸ್ಥಿರ ಆವೃತ್ತಿಯನ್ನು ಆರಿಸಬೇಕೆ, ರೋಲಿಂಗ್ ರಿಲೀಸ್ ಎಂದು ಕರೆಯಲಾಗುವ ನಿರಂತರ ಪರಿಷ್ಕರಣೆಯ ಪದ್ಧತಿಯನ್ನು ಆರಿಸಬೇಕೆ? ಇಂಜಿನಿಯರಿಂಗ್ ಓದುವ ಮಗನೋ ಅಳಿಯನೋ ಎರಡನೆಯದನ್ನು ಹೊಗಳಿರುತ್ತಾನೆ. ಇದನ್ನು ಕೇವಲ ತಾಂತ್ರಿಕ ರುಚಿಯ ವಿಷಯವೆಂದು ಬಿಡಲಾಗದು. ವ್ಯಾಪಾರದ ಲೆಕ್ಕ, ತೆರಿಗೆಯ ಗಡುವು ಮತ್ತು ದಾಖಲೆಗಳ ರಕ್ಷಣೆ ಇದರಲ್ಲಿ ಅಡಕವಾಗಿರುವುದರಿಂದ ಲೆಕ್ಕಪತ್ರದ ದೃಷ್ಟಿಯಿಂದ ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಪದ್ಧತಿಗಳ ಸ್ವರೂಪ

ದೀಪಾವಳಿಯ ಲಕ್ಷ್ಮೀಪೂಜೆಯಂದು ನಾವು ಪೂಜಿಸಿ ತೆರೆಯುವ ಹೊಸ ವಹಿಯನ್ನು ನೆನೆಸಿಕೊಳ್ಳಿ. ಅದರ ಹೊಲಿಗೆ, ಪುಟಗಳ ಸಂಖ್ಯೆ, ಖಾತೆಗಳ ಅನುಕ್ರಮ ಎಲ್ಲವೂ ಅಂದೇ ನಿಗದಿಯಾಗುತ್ತವೆ. ವರ್ಷದ ನಡುವೆ ತಪ್ಪು ಕಂಡರೆ ತಿದ್ದುಪಡಿ ನಮೂದು ಹಾಕುತ್ತೇವೆಯೇ ಹೊರತು ವಹಿಯನ್ನು ಬಿಚ್ಚಿ ಮತ್ತೆ ಹೊಲಿಯುವುದಿಲ್ಲ. ಸ್ಥಿರ ಆವೃತ್ತಿಯ ಕ್ರಮವೂ ಇದೇ. ತಯಾರಕರು ಒಂದು ದಿನ ಎಲ್ಲ ತಂತ್ರಾಂಶಗಳ ಆವೃತ್ತಿಗಳನ್ನು ನಿಗದಿಗೊಳಿಸಿ ಬಿಡುಗಡೆ ಮಾಡುತ್ತಾರೆ. ಆ ಬಳಿಕ ಬರುವವು ಬಹುಮಟ್ಟಿಗೆ ಭದ್ರತೆಯ ಮತ್ತು ಗಂಭೀರ ದೋಷಗಳ ತಿದ್ದುಪಡಿಗಳು ಮಾತ್ರ. ಹೊಸ ಸೌಲಭ್ಯಗಳು ಮುಂದಿನ ಆವೃತ್ತಿಗೆ ಕಾಯುತ್ತವೆ.

ಡೆಬಿಯನ್ ಇದಕ್ಕೆ ಹಳೆಯ ಉದಾಹರಣೆ. ಅದರ ಹೊಸ ಆವೃತ್ತಿಗಳು ಹೆಚ್ಚುಕಡಿಮೆ ಎರಡು ವರ್ಷಗಳಿಗೊಮ್ಮೆ ಬರುತ್ತವೆ. 12ನೆಯದು 2023ರ ಜೂನ್‌ನಲ್ಲಿ, 13ನೆಯದು 2025ರ ಆಗಸ್ಟ್‌ನಲ್ಲಿ ಬಂದವು. ಪ್ರತಿಯೊಂದಕ್ಕೂ ಮೂರು ವರ್ಷಗಳ ಪೂರ್ಣ ಬೆಂಬಲ, ಅನಂತರ ಎರಡು ವರ್ಷಗಳ ದೀರ್ಘಾವಧಿ ಬೆಂಬಲ, ಹೀಗೆ ಒಟ್ಟು ಐದು ವರ್ಷಗಳು ದೊರೆಯುತ್ತವೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಸಮ ಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಹೊರಬೀಳುತ್ತವೆ, ಅವಕ್ಕೂ ಐದು ವರ್ಷಗಳ ಸಾಮಾನ್ಯ ಬೆಂಬಲವಿದೆ. ವಿಂಡೋಸ್ ಬಳಸಿ ರೂಢಿಯಾದವರಿಗೆ ಒಗ್ಗುವ ಲಿನಕ್ಸ್ ಮಿಂಟ್‌ನ 22ನೆಯ ಸರಣಿ ಉಬುಂಟು 24.04ನ್ನು ಆಧರಿಸಿದ್ದು, ಅದರ ಬೆಂಬಲ 2029ರವರೆಗೆ ಇದೆ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಎಂಬ ವ್ಯವಸ್ಥೆಯೂ ಡೆಬಿಯನ್ ತಳಹದಿಯದೇ.

ನಿರಂತರ ಪರಿಷ್ಕರಣೆಯ ಪದ್ಧತಿ ಬಿಡಿ ಹಾಳೆಗಳ ಕಡತದಂತೆ. ಪ್ರತಿ ವಾರವೂ ಕೆಲವು ಹಾಳೆಗಳು ಹೊರಹೋಗಿ ಹೊಸವು ಸೇರುತ್ತವೆ. ಕಡತ ಸದಾ ನೂತನವಾಗಿರುತ್ತದೆ, ಆದರೆ ಇದು ಇಂಥ ವರ್ಷದ ವಹಿ ಎಂದು ಹೇಳಲು ಬರುವುದಿಲ್ಲ. 2002ರಲ್ಲಿ ಆರಂಭವಾದ ಆರ್ಚ್ ಲಿನಕ್ಸ್ ಮತ್ತು ಓಪನ್‌ಸೂಸೆಯ ಟಂಬಲ್‌ವೀಡ್ ಈ ವರ್ಗದ ಪ್ರಮುಖ ವ್ಯವಸ್ಥೆಗಳು. ಇವುಗಳ ಗುಣವನ್ನೂ ನ್ಯಾಯವಾಗಿ ಹೇಳಬೇಕು. ಹೊಸದಾಗಿ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪಿನ ವೈಫೈಯೋ ಪರದೆಯೋ ಹಳೆಯ ಸ್ಥಿರ ಆವೃತ್ತಿಗೆ ಪರಿಚಯವಿಲ್ಲದಿರಬಹುದು, ಇವುಗಳಿಗೆ ಬೇಗ ಪರಿಚಯವಾಗುತ್ತದೆ. ಐದು ವರ್ಷಗಳಿಗೊಮ್ಮೆ ಎದುರಾಗುವ ದೊಡ್ಡ ವಲಸೆಯ ತೊಂದರೆ ಇವುಗಳಲ್ಲಿಲ್ಲ. ಟಂಬಲ್‌ವೀಡ್‌ನಲ್ಲಿ ಬಿಡುಗಡೆಗೆ ಮುನ್ನ ಸ್ವಯಂಚಾಲಿತ ಪರೀಕ್ಷೆಗಳು ನಡೆಯುತ್ತವೆ. ಪರಿಷ್ಕರಣೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ಏರ್ಪಾಡೂ ಇದೆ.

ಇಲ್ಲಿ ಒಂದು ಮಾತಿನ ಅರ್ಥವನ್ನು ಸ್ಪಷ್ಟಪಡಿಸಬೇಕು. ಸ್ಥಿರ ಎಂದರೆ ಎಂದೂ ಕೆಡದು ಎಂದಲ್ಲ, ನಡುವೆ ಬದಲಾಗದು ಎಂದು. ಹಾಗೆಯೇ ತಿದ್ದುಪಡಿಗಳನ್ನು ಹಾಕದೆ ಬಿಟ್ಟ ಯಂತ್ರವೂ ಸ್ಥಿರವಲ್ಲ, ಅದು ಅಲಕ್ಷಿತ ಯಂತ್ರ.

ವೆಚ್ಚದ ಸ್ವರೂಪ

ಎರಡೂ ಬಗೆಯ ವ್ಯವಸ್ಥೆಗಳು ಬಿಟ್ಟಿಯಾಗಿ ಸಿಗುವುದರಿಂದ ಖರ್ಚಿನಲ್ಲಿ ಭೇದವಿಲ್ಲ ಎಂದು ತೋರಬಹುದು. ಭೇದ ಇರುವುದು ಖರ್ಚಿನ ಸ್ವರೂಪದಲ್ಲಿ. ಸ್ಥಿರ ಆವೃತ್ತಿಯ ಖರ್ಚು ಬಂಡವಾಳ ವೆಚ್ಚದಂತೆ: ನಾಲ್ಕೈದು ವರ್ಷಗಳಿಗೊಮ್ಮೆ, ಮೊದಲೇ ಗೊತ್ತಿರುವ ದಿನಾಂಕದ ಆಸುಪಾಸು, ಒಂದೆರಡು ದಿನಗಳ ಶ್ರಮವನ್ನೂ ತಂತ್ರಜ್ಞನ ಸಂಭಾವನೆಯನ್ನೂ ಬೇಡುತ್ತದೆ. ನಿರಂತರ ಪರಿಷ್ಕರಣೆಯ ಖರ್ಚು ಕೂಲಿಯಂತೆ: ಪ್ರತಿ ಸಲವೂ ಸ್ವಲ್ಪ, ಆದರೆ ತಪ್ಪದೆ, ತಿಳಿದವನ ಕೈಯಿಂದ. ಆರ್ಚ್ ಲಿನಕ್ಸ್‌ನ ತಯಾರಕರು ಪರಿಷ್ಕರಿಸುವ ಮುನ್ನ ತಮ್ಮ ಸೂಚನಾ ಪುಟವನ್ನು ಓದಿಕೊಳ್ಳಬೇಕೆಂದೇ ವಿಧಿಸಿದ್ದಾರೆ, ಅರ್ಧಂಬರ್ಧ ಪರಿಷ್ಕರಣೆಗೆ ಅವರು ಬೆಂಬಲ ನೀಡುವುದಿಲ್ಲ. ಅಂಗಡಿಯಲ್ಲಿ ಇದನ್ನು ಓದುವ ಗುಮಾಸ್ತ ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಕೂಲಿಯನ್ನು ಕೊಡುವವರಿಲ್ಲವೆಂದೇ ಅರ್ಥ.

ಸ್ಥಿರ ಆವೃತ್ತಿಯ ದಿನಾಂಕವನ್ನು ಆಸ್ತಿಯ ಲೆಕ್ಕದೊಡನೆ ಹೊಂದಿಸಬಹುದು. ಆದಾಯ ತೆರಿಗೆಯಲ್ಲಿ ಗಣಕಯಂತ್ರಕ್ಕೆ ಶೇಕಡಾ 40ರ ದರದಲ್ಲಿ ಇಳಿಕೆ ಮೌಲ್ಯದ ಮೇಲೆ ಸವಕಳಿ ದೊರೆಯುತ್ತದೆ. 50,000 ರೂಪಾಯಿಯ ಯಂತ್ರದ ಪುಸ್ತಕ ಮೌಲ್ಯ ಮೊದಲ ವರ್ಷದ ಕೊನೆಗೆ 30,000, ಅನಂತರ ಕ್ರಮವಾಗಿ 18,000, 10,800, 6,480 ಆಗಿ, ಐದನೆಯ ವರ್ಷದ ಕೊನೆಗೆ 3,888 ರೂಪಾಯಿಗೆ ಇಳಿಯುತ್ತದೆ. ಐದು ವರ್ಷಗಳ ಬೆಂಬಲವಿರುವ ಸ್ಥಿರ ಆವೃತ್ತಿಯನ್ನು ಹೊಸ ಯಂತ್ರದೊಡನೆ ಆರಂಭಿಸಿದರೆ ಬೆಂಬಲ ಮುಗಿಯುವ ಹೊತ್ತಿಗೆ ಯಂತ್ರದ ಬೆಲೆಯೂ ಪುಸ್ತಕದಲ್ಲಿ ಬಹುಪಾಲು ತೀರಿರುತ್ತದೆ. ಬದಲಾಯಿಸುವ ನಿರ್ಧಾರವನ್ನು ಒಂದೇ ಸಲ ಕೈಗೊಳ್ಳಬಹುದು, ಅದಕ್ಕೆ ಹಣವನ್ನೂ ಮುಂಚಿತವಾಗಿ ತೆಗೆದಿರಿಸಬಹುದು.

ಲೆಕ್ಕದ ಆಯುಷ್ಯ ಯಂತ್ರದ ಆಯುಷ್ಯಕ್ಕಿಂತ ದೊಡ್ಡದು

ಈ ಇಡೀ ವಿಷಯದಲ್ಲಿ ವ್ಯಾಪಾರಸ್ಥರು ಮರೆಯಬಾರದ ಅಂಶ ಇದು. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ ವಾರ್ಷಿಕ ವಿವರಣಿಯ ಗಡುವಿನ ದಿನದಿಂದ 72 ತಿಂಗಳು ಲೆಕ್ಕಪುಸ್ತಕಗಳನ್ನು ಕಾಯ್ದಿಡಬೇಕು. 2024-25ನೆಯ ಸಾಲಿನ ವಾರ್ಷಿಕ ವಿವರಣಿಯ ಗಡುವು 2025ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳು ಎಂದರೆ 2031ರ ಡಿಸೆಂಬರ್ 31. ಮೇಲ್ಮನವಿಯೋ ತನಿಖೆಯೋ ಬಾಕಿ ಇದ್ದರೆ ಅವಧಿ ಇನ್ನೂ ದೀರ್ಘವಾಗುತ್ತದೆ. ಖಾಸಗಿ ನಿಯಮಿತ ಕಂಪನಿಗಳಿಗೆ ಕಂಪನಿ ಕಾಯಿದೆಯ 128ನೆಯ ಕಲಮು ಎಂಟು ಆರ್ಥಿಕ ವರ್ಷಗಳ ಅವಧಿಯನ್ನು ವಿಧಿಸಿದೆ. ಪುಸ್ತಕಗಳನ್ನು ಇಡದಿದ್ದರೆ ಅಥವಾ ಕಾಯ್ದಿಡದಿದ್ದರೆ ಜಿಎಸ್‌ಟಿ ಕಾಯಿದೆಯ 122ನೆಯ ಕಲಮಿನಡಿ ಕನಿಷ್ಠ 10,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಯಂತ್ರ ಕೆಟ್ಟಿತು ಎಂಬ ಉತ್ತರದಿಂದ ಈ ಹೊಣೆ ತಪ್ಪುವುದಿಲ್ಲ. ಏಕೆಂದರೆ ವಿದ್ಯುನ್ಮಾನ ದಾಖಲೆಗಳ ಪ್ರತಿಯನ್ನು ಇಟ್ಟು, ಅಪಘಾತವಾದರೂ ಸಮಂಜಸ ಕಾಲದಲ್ಲಿ ಮರಳಿ ಪಡೆಯುವಂತಿರಬೇಕು ಎಂದು ಜಿಎಸ್‌ಟಿಯ 57ನೆಯ ನಿಯಮವೇ ಹೇಳುತ್ತದೆ.

ಈಗ ತಾಳೆ ನೋಡಿ. 2029ರವರೆಗೆ ಬೆಂಬಲವಿರುವ ಸ್ಥಿರ ಆವೃತ್ತಿಯೂ 2031ರ ಡಿಸೆಂಬರ್ ಮುಟ್ಟುವುದಿಲ್ಲ. ನಿರಂತರ ಪರಿಷ್ಕರಣೆಯ ವ್ಯವಸ್ಥೆಗೆ ಕೊನೆಯ ದಿನಾಂಕವೇ ಇಲ್ಲ, ಆದರೆ ಇಂದು ತೆರೆಯುವ ಹಳೆಯ ಲೆಕ್ಕದ ಕಡತ ಆರು ವರ್ಷಗಳ ಎಡೆಬಿಡದ ಬದಲಾವಣೆಗಳ ಬಳಿಕ ಅದೇ ರೀತಿ ತೆರೆದೀತೆಂಬ ಭರವಸೆಯೂ ಇಲ್ಲ. ಯಾವುದನ್ನು ಆರಿಸಿದರೂ ಲೆಕ್ಕಗಳು ಕನಿಷ್ಠ ಒಂದು ಸಲ ವಲಸೆ ಹೋಗಲೇಬೇಕು. ಆದುದರಿಂದ ವಲಸೆಗಳ ಸಂಖ್ಯೆ ಕಡಿಮೆ ಇರಲಿ, ಅವುಗಳ ದಿನಾಂಕ ಮೊದಲೇ ಗೊತ್ತಿರಲಿ ಎಂಬುದು ನಮ್ಮ ಆಯ್ಕೆಯ ಸೂತ್ರವಾಗಬೇಕು. ಈ ಸೂತ್ರದಿಂದ ನೋಡಿದರೆ ಲೆಕ್ಕದ ಯಂತ್ರಕ್ಕೆ ಸ್ಥಿರ ಆವೃತ್ತಿಯೇ ಯೋಗ್ಯ.

ನಾಲ್ಕು ಘಟನೆಗಳು

ಈ ತೀರ್ಮಾನವನ್ನು ನಡೆದ ಘಟನೆಗಳ ಮೇಲೆ ಒರೆಹಚ್ಚಿ ನೋಡೋಣ. ಅವುಗಳಲ್ಲಿ ಒಂದು ಸ್ಥಿರ ಪಕ್ಷಕ್ಕೆ ನೇರವಾಗಿ ಒಲಿಯುತ್ತದೆ. ಉಳಿದವು ಎಚ್ಚರಿಕೆಗಳನ್ನು ಕೊಡುತ್ತವೆ.

ಮೊದಲನೆಯದು 2024ರದು. ಲಿನಕ್ಸ್‌ನಲ್ಲಿ ಕಡತಗಳನ್ನು ಸಂಕುಚಿಸಲು ಬಳಸುವ ಎಕ್ಸ್‌ಝಡ್ ಎಂಬ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಅದರ ನಿರ್ವಹಣೆಯ ಹೊಣೆಯನ್ನೇ ಪಡೆದುಕೊಂಡಿದ್ದ ವ್ಯಕ್ತಿಯೊಬ್ಬ ಕಳ್ಳಬಾಗಿಲನ್ನು ಅಡಗಿಸಿದ್ದ. ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿದ ಆಂಡ್ರೆಸ್ ಫ್ರೆಂಡ್ ಎಂಬ ತಂತ್ರಜ್ಞರು ಅದರ ಬೆನ್ನು ಹತ್ತಿ ಮಾರ್ಚ್ 29ರಂದು ವಿಷಯವನ್ನು ಬಹಿರಂಗಪಡಿಸಿದರು. ಅಷ್ಟರಲ್ಲಿ ಆ ಆವೃತ್ತಿ ಟಂಬಲ್‌ವೀಡ್, ಆರ್ಚ್ ಮತ್ತು ಡೆಬಿಯನ್‌ನ ಪರೀಕ್ಷಾ ಶಾಖೆಗಳನ್ನು ಸೇರಿಯಾಗಿತ್ತು. ಆರ್ಚ್‌ನ ರಚನೆಯಲ್ಲಿ ಆ ದಾಳಿ ಫಲಿಸುವ ಮಾರ್ಗವಿರಲಿಲ್ಲವೆಂಬುದು ಬೇರೆ ಮಾತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಮಾತ್ರ ಅದು ತಲುಪಿಯೇ ಇರಲಿಲ್ಲ. ಹೊಸ ಮಾಲು ಕೆಲಕಾಲ ಗೋದಾಮಿನಲ್ಲಿ ನಿಂತು ಪರೀಕ್ಷೆಗೊಳಗಾಗಿ ಬರುವುದರ ಲಾಭ ಇದು.

ಎರಡನೆಯದು 2017ರ ವಾನ್ನಾಕ್ರೈ. ಯಂತ್ರದ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಈ ಹಾವಳಿ ಮೇ 12ರಂದು ಜಗತ್ತಿನಾದ್ಯಂತ ಹರಡಿತು. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮೊದಲೇ ತಿದ್ದುಪಡಿ ಕೊಟ್ಟಿತ್ತು. ಹಾನಿಗೊಳಗಾದವರಲ್ಲಿ ಬಹುಪಾಲು ಜನ ಅದನ್ನು ಹಾಕಿಕೊಂಡಿರಲಿಲ್ಲ. ಸ್ಥಿರ ಆವೃತ್ತಿಯವರು ಭದ್ರತಾ ತಿದ್ದುಪಡಿಯನ್ನೂ ತಡೆಹಿಡಿದರೆ ಆಗುವುದು ಇದೇ.

ಮೂರನೆಯದು 2018ರ ಅಕ್ಟೋಬರ್‌ನದು. 2017ರಿಂದ ವಿಂಡೋಸ್ 10 ವರ್ಷಕ್ಕೆ ಎರಡು ಸಲ ದೊಡ್ಡ ಪರಿಷ್ಕರಣೆಯನ್ನು ಪಡೆಯುವ, ಅರ್ಧ ನಿರಂತರವೆನ್ನಬಹುದಾದ ಕ್ರಮಕ್ಕೆ ಹೊರಳಿತ್ತು. 2018ರ ಅಕ್ಟೋಬರ್ ಪರಿಷ್ಕರಣೆ ಕೆಲವರ ಯಂತ್ರಗಳಲ್ಲಿ ಬಳಕೆದಾರರ ಕಡತಗಳನ್ನೇ ಅಳಿಸಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ಹಿಂತೆಗೆದುಕೊಂಡು ನವೆಂಬರ್‌ನಲ್ಲಿ ಸರಿಪಡಿಸಿ ಮತ್ತೆ ಬಿಡುಗಡೆ ಮಾಡಿತು. ಒಂದು ತಿಂಗಳು ತಾಳಿದವರಿಗೆ ಯಾವ ನಷ್ಟವೂ ಆಗಲಿಲ್ಲ. ಭದ್ರತಾ ತಿದ್ದುಪಡಿಗೆ ಅವಸರ, ಹೊಸ ಸೌಲಭ್ಯಕ್ಕೆ ನಿಧಾನ ಎಂಬ ವಿವೇಕವನ್ನು ಇದು ಮತ್ತು ಹಿಂದಿನ ಘಟನೆ ಸೇರಿ ಕಲಿಸುತ್ತವೆ.

ನಾಲ್ಕನೆಯದು ಸ್ಥಿರ ಪಕ್ಷದವರು ವಿಶೇಷವಾಗಿ ಓದಬೇಕಾದದ್ದು. ಸರ್ವರುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಸೆಂಟ್‌ಓಎಸ್‌ನ 8ನೆಯ ಆವೃತ್ತಿ 2019ರ ಸೆಪ್ಟೆಂಬರ್‌ನಲ್ಲಿ ಬಂದಾಗ ಅದರ ಬೆಂಬಲ 2029ರವರೆಗೆ ಇರುವುದೆಂದು ನಂಬಲಾಗಿತ್ತು. 2020ರ ಡಿಸೆಂಬರ್ 8ರಂದು, ಅದು 2021ರ ಡಿಸೆಂಬರ್ 31ಕ್ಕೆ ಮುಗಿಯುವುದೆಂದೂ ಮುಂದೆ ನಿರಂತರ ಪರಿಷ್ಕರಣೆಗೆ ಸಮೀಪವಾದ ಸೆಂಟ್‌ಓಎಸ್ ಸ್ಟ್ರೀಮ್ ಮಾತ್ರ ಉಳಿಯುವುದೆಂದೂ ಪ್ರಕಟವಾಯಿತು. ಬಳಕೆದಾರರು 2021ರಲ್ಲಿ ಹುಟ್ಟಿದ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್‌ಗಳಂತಹ ಪರ್ಯಾಯಗಳಿಗೆ ವಲಸೆ ಹೋಗಬೇಕಾಯಿತು. ಬೆಂಬಲದ ದಿನಾಂಕವೆಂಬುದು ಹುಂಡಿಯಂತೆ. ಬರೆದವನ ಪತ್ತು ಎಷ್ಟೋ ಹುಂಡಿಯ ಬೆಲೆಯೂ ಅಷ್ಟೇ.

ಗಡಿನಾಡಿನ ಒಂದು ಮಾದರಿ

ದೊಡ್ಡ ಪ್ರಮಾಣದಲ್ಲಿ ಈ ಆಯ್ಕೆಯನ್ನು ಮಾಡಿದ ಸಂಸ್ಥೆಯೊಂದು ನಮ್ಮ ನೆರೆಯಲ್ಲೇ ಇದೆ. ಕೇರಳದ ಸಾರ್ವಜನಿಕ ಶಾಲೆಗಳು, ಅವುಗಳಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ, ಬಹಳ ವರ್ಷಗಳಿಂದ ಲಿನಕ್ಸ್ ಬಳಸುತ್ತಿವೆ. ಐಟಿ ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾಗಿ 2017ರಲ್ಲಿ ಕೈಟ್ ಎಂಬ ಕಂಪನಿಯ ರೂಪ ತಳೆದ ಸಂಸ್ಥೆಯು ಶಾಲೆಗಳಿಗೆಂದೇ ಸಿದ್ಧಪಡಿಸುವ ಈ ವ್ಯವಸ್ಥೆಯ ಆವೃತ್ತಿಗಳನ್ನು ನೋಡಿದರೆ 14.04, 18.04, 22.04 ಎಂಬ ಸಂಖ್ಯೆಗಳು ಕಾಣುತ್ತವೆ. ಇವೆಲ್ಲ ಉಬುಂಟುವಿನ ದೀರ್ಘಾವಧಿ ಆವೃತ್ತಿಗಳ ಸಂಖ್ಯೆಗಳು. ನಾಲ್ಕು ವರ್ಷಗಳಿಗೊಮ್ಮೆ ಹೆಜ್ಜೆ ಇಡುವುದು ಅವರ ಕ್ರಮ. 2022ರ ಏಪ್ರಿಲ್‌ನ ಉಬುಂಟುವನ್ನು ಆಧರಿಸಿದ ಆವೃತ್ತಿಯನ್ನು ಅವರು ಶಾಲೆಗಳಿಗೆ ಕೊಟ್ಟದ್ದು 2024ರಲ್ಲಿ. ಪಾಠದ ವರ್ಷ ನಡೆದಿರುವಾಗ ಪಠ್ಯಪುಸ್ತಕದಲ್ಲಿ ಅಚ್ಚಾದ ಚಿತ್ರಕ್ಕೂ ಪರದೆಯ ಮೇಲಿನ ಚಿತ್ರಕ್ಕೂ ಹೊಂದಾಣಿಕೆ ತಪ್ಪಬಾರದು. ನಮ್ಮ ಗುಮಾಸ್ತರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಕಲಿತ ಗುಂಡಿ ನಿನ್ನೆ ಇದ್ದಲ್ಲಿಯೇ ಇಂದೂ ಇರಬೇಕು.

ನಮ್ಮ ತಾಲೂಕುಗಳ ವಿಶೇಷ ಪರಿಸ್ಥಿತಿ

ನಗರಗಳಿಗಾಗಿ ಬರೆದ ಸಲಹೆಗಳು ನಮಗೆ ಪೂರ್ತಿ ಹೊಂದುವುದಿಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಹಂಗಾಮು. ತೊಗರಿಯ ಆವಕ ಡಿಸೆಂಬರ್‌ನಿಂದ, ಹತ್ತಿಯದು ಅದಕ್ಕೂ ಮುಂಚೆಯೇ ಶುರುವಾಗುತ್ತದೆ. ಹಂಗಾಮು ಮುಗಿದ ಮೇಲೆ ತೂಕದ ಕಾಟಾದ ಕೋಣೆಯ ಯಂತ್ರ ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತದೆ. ನಿರಂತರ ಪರಿಷ್ಕರಣೆಯ ವ್ಯವಸ್ಥೆಗೆ ಇಂತಹ ದೀರ್ಘ ನಿದ್ರೆ ಒಗ್ಗದು. ಆರು ತಿಂಗಳ ಬಳಿಕ ತೆರೆದಾಗ ನೂರಾರು ಬದಲಾವಣೆಗಳು ಒಟ್ಟಿಗೆ ಬರುತ್ತವೆ. ತಂತ್ರಾಂಶಗಳ ಅಸಲಿತನವನ್ನು ಪರೀಕ್ಷಿಸುವ ಸಹಿಯ ಕೀಲಿಗಳೇ ಹಳತಾಗಿ ಪರಿಷ್ಕರಣೆ ನಿರಾಕೃತವಾಗುವುದೂ ಉಂಟು. ಮೊದಲ ಗಾಡಿ ಕಾಟಾದ ಮೇಲೆ ನಿಂತಿರುವಾಗ ಇದನ್ನು ಬಿಡಿಸುತ್ತ ಕೂಡುವಂತಿಲ್ಲ. ಸ್ಥಿರ ಆವೃತ್ತಿಯಲ್ಲಿಯೂ ತಿದ್ದುಪಡಿಗಳು ಬಾಕಿ ಬಿದ್ದಿರುತ್ತವೆ, ಆದರೆ ಅವು ಅದೇ ಆವೃತ್ತಿಯೊಳಗಿನವು.

ಎರಡನೆಯದು ವಿದ್ಯುತ್ತು ಮತ್ತು ಅಂತರ್ಜಾಲ. ಪರಿಷ್ಕರಣೆ ನಡೆದಿರುವಾಗ ವಿದ್ಯುತ್ ಕಡಿತವಾದರೆ ವ್ಯವಸ್ಥೆ ಅರೆಬರೆಯಾಗಿ ನಿಲ್ಲುವ ಅಪಾಯ ಎರಡೂ ಪದ್ಧತಿಗಳಲ್ಲಿದೆ. ಆದರೆ ಪರಿಷ್ಕರಣೆಗಳ ಗಾತ್ರವೂ ಸರದಿಯೂ ಹೆಚ್ಚಿದಷ್ಟು ಆ ಅಪಾಯವೂ ಹೆಚ್ಚುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ನೆಚ್ಚಿದವರಿಗೆ ಡೇಟಾದ ಖರ್ಚೂ ಸೇರುತ್ತದೆ.

ಮೂರನೆಯದು ತಂತ್ರಜ್ಞರ ಲಭ್ಯತೆ. ಲಿನಕ್ಸ್ ಬಲ್ಲವರು ವಿಜಯಪುರದಿಂದ ಬರಬೇಕಾದರೆ ಒಂದು ದಿನ ಹೋಯಿತೆಂದೇ ಲೆಕ್ಕ. ಜಿಎಸ್‌ಟಿಆರ್-3ಬಿ ವಿವರಣಿ ಒಂದು ದಿನ ತಡವಾದರೆ ತೆರಿಗೆ ಇರುವ ಸಂದರ್ಭದಲ್ಲಿ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ಶೇಕಡಾ 18ರ ಬಡ್ಡಿ ಬೀಳುತ್ತದೆ. 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ಲಿಲ್ಲದೆ ಲಾರಿ ಹೊರಡುವಂತಿಲ್ಲ. ಶುಲ್ಕ ಸಣ್ಣದಿರಬಹುದು, ನಿಂತ ಲಾರಿಯ ಬಾಡಿಗೆ ಸಣ್ಣದಲ್ಲ.

ಯಾವ ಯಂತ್ರಕ್ಕೆ ಯಾವುದು

ಎಲ್ಲ ಯಂತ್ರಗಳಿಗೂ ಒಂದೇ ಔಷಧವಿಲ್ಲ. ಕೆಲಸಕ್ಕೆ ತಕ್ಕಂತೆ ವಿಂಗಡಿಸಿದರೆ ಆಯ್ಕೆ ಸುಲಭವಾಗುತ್ತದೆ.

1. ಟ್ಯಾಲಿ ಇರುವ ಯಂತ್ರ: ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿ ನಿರ್ಮಿತವಾದುದು. ಇತರ ಉಪಾಯಗಳಿಂದ ಲಿನಕ್ಸ್‌ನಲ್ಲಿ ನಡೆಸುವ ಸಾಹಸವನ್ನು ಲೆಕ್ಕದ ಮುಖ್ಯ ಯಂತ್ರದಲ್ಲಿ ಮಾಡಬಾರದು. ಇಲ್ಲಿ ವಿಂಡೋಸ್ 11 ಇರುವ ಹೊಸ ಯಂತ್ರಕ್ಕೆ ಹಣ ಹಾಕುವುದೇ ಸರಿ. ಕಂಪನಿಗಳಾದರೆ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ಲೆಕ್ಕ ತಂತ್ರಾಂಶ ಕಡ್ಡಾಯವಾಗಿದೆ ಎಂಬುದನ್ನೂ ನೆನಪಿಡಬೇಕು.

2. ಪತ್ರವ್ಯವಹಾರ, ಬ್ರೌಸರ್ ಮೂಲಕ ಪೋರ್ಟಲ್ ಕೆಲಸ ಮತ್ತು ಇ-ಮೇಲ್ ಮಾತ್ರ ಇರುವ ಹಳೆಯ ಯಂತ್ರ: ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ ದೀರ್ಘಾವಧಿ ಆವೃತ್ತಿ ಸಾಕು. ಡಿಜಿಟಲ್ ಸಹಿಯ ಟೋಕನ್ ಮತ್ತು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ನಡೆಯುತ್ತವೆಯೇ ಎಂದು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ಪರೀಕ್ಷಿಸಿದ ಬಳಿಕ ಅಳವಡಿಸಬೇಕು. ಸಹಿಯ ಟೋಕನ್ ನಡೆಯದಿದ್ದರೆ ಆ ಕೆಲಸವನ್ನು ವಿಂಡೋಸ್ ಯಂತ್ರಕ್ಕೆ ಒಯ್ಯಬೇಕು.

3. ಕಡತಗಳ ಪ್ರತಿ ಇಡುವ ಯಂತ್ರ: ಡೆಬಿಯನ್‌ನ ಸ್ಥಿರ ಆವೃತ್ತಿ. ಇದರಲ್ಲಿ ಹೊಸತನದ ಅಗತ್ಯವೇ ಇಲ್ಲ.

4. ತೂಕದ ಕಾಟಾ ಅಥವಾ ಉತ್ಪಾದನಾ ಯಂತ್ರಕ್ಕೆ ಜೋಡಿಸಿದ್ದು: ಯಂತ್ರ ಪೂರೈಸಿದವರು ಲಿಖಿತವಾಗಿ ಒಪ್ಪಿದ ವ್ಯವಸ್ಥೆ ಮಾತ್ರ. ಹಳೆಯ ವ್ಯವಸ್ಥೆಯನ್ನೇ ಉಳಿಸಬೇಕಾದರೆ ಅದನ್ನು ಅಂತರ್ಜಾಲದಿಂದ ಬೇರ್ಪಡಿಸಬೇಕು.

5. ಮಕ್ಕಳ ಕಲಿಕೆ, ತಂತ್ರಾಂಶ ರಚನೆ, ಪ್ರಯೋಗ: ಇಲ್ಲಿ ನಿರಂತರ ಪರಿಷ್ಕರಣೆಗೆ ಸ್ವಾಗತ. ಕೆಟ್ಟರೆ ಕಲಿಯುತ್ತಾರೆ, ವ್ಯಾಪಾರ ನಿಲ್ಲುವುದಿಲ್ಲ.

ವಿಂಡೋಸ್ 11ನ್ನೇ ಆರಿಸಿದವರೂ ಈ ಚರ್ಚೆಯಿಂದ ಹೊರಗಿಲ್ಲ. ಅದರ ಹೋಂ ಮತ್ತು ಪ್ರೊ ವರ್ಗಗಳ ಪ್ರತಿ ವಾರ್ಷಿಕ ಆವೃತ್ತಿಗೆ ಬೆಂಬಲ ಇರುವುದು 24 ತಿಂಗಳು ಮಾತ್ರ. ಹೊಸ ಸೌಲಭ್ಯಗಳ ಪರಿಷ್ಕರಣೆಯನ್ನು 365 ದಿನಗಳವರೆಗೆ ಮುಂದೂಡುವ ಅಧಿಕಾರ ಪ್ರೊ ವರ್ಗದಲ್ಲಿದೆ. ಲೆಕ್ಕದ ಯಂತ್ರಕ್ಕೆ ಹೋಂ ಬದಲು ಪ್ರೊ ಕೊಳ್ಳಲು ಇದೊಂದೇ ಕಾರಣ ಸಾಕು.

ಬದಲಾವಣೆಗೆ ಮುನ್ನ ಮಾಡಬೇಕಾದುದು

ಕಾಲವನ್ನು ಮೊದಲು ಗೊತ್ತುಮಾಡಿ. ತಿಂಗಳ 7ಕ್ಕೆ ಮೂಲದಲ್ಲಿ ಕಡಿತವಾದ ತೆರಿಗೆಯ ಪಾವತಿ, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಇರುವುದರಿಂದ ಸಣ್ಣ ತಿದ್ದುಪಡಿಗಳನ್ನು 25ರಿಂದ 28ರೊಳಗೆ ಹಾಕುವುದು ಕ್ಷೇಮ. ತುರ್ತು ಭದ್ರತಾ ತಿದ್ದುಪಡಿಗಳಿಗೆ ಈ ಕಾಯುವಿಕೆ ಅನ್ವಯಿಸದು. ದೊಡ್ಡ ವಲಸೆಗೆ ಜೂನ್ ತಿಂಗಳು, ಅಂದರೆ ಕಾರಹುಣ್ಣಿಮೆಯ ಆಸುಪಾಸು, ಅನುಕೂಲ. ಮಾರ್ಚ್ ಅಂತ್ಯದ ಗದ್ದಲ ಮುಗಿದಿರುತ್ತದೆ, ಹೊಸ ಹಂಗಾಮಿಗೆ ಸಮಯವಿರುತ್ತದೆ.

ಎರಡನೆಯದಾಗಿ ಪ್ರತಿಗಳು. ಎರಡು ಪ್ರತಿ ಮಾಡಿ, ಒಂದನ್ನು ಅಂಗಡಿಯ ಹೊರಗೆ ಇಡಿ. ಪ್ರತಿ ಇದ್ದರೆ ಸಾಲದು, ಬೇರೊಂದು ಯಂತ್ರದಲ್ಲಿ ತೆರೆದು ಮಾರ್ಚ್ 31ರ ತಾಳೆಪಟ್ಟಿ ಹೊಂದುತ್ತದೆಯೇ ಎಂದು ನೋಡಿ. ಹಿಂದಿನ ಪ್ರತಿ ವರ್ಷದ ಕಿರ್ದಿ, ಖಾತೆ, ದಾಸ್ತಾನು ಮತ್ತು ಬಿಲ್ಲುಗಳನ್ನು ಪಿಡಿಎಫ್ ರೂಪದಲ್ಲಿಯೂ ತೆಗೆದಿಡಿ. ತಂತ್ರಾಂಶ ಯಾವುದೇ ಇರಲಿ, ಈ ರೂಪ ಎಲ್ಲ ವ್ಯವಸ್ಥೆಗಳಲ್ಲಿಯೂ ತೆರೆಯುತ್ತದೆ.

ಮೂರನೆಯದಾಗಿ ಕನ್ನಡ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪಾದ ಕರಾರುಪತ್ರ, ಬಾಕಿ ನೋಟೀಸು ಮುಂತಾದವು ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ವಲಸೆಗೆ ಮುನ್ನವೇ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ನುಡಿಯಲ್ಲಿ ರೂಢಿಯಾದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ಲಭ್ಯವಿರುವುದರಿಂದ ಬೆರಳುಗಳಿಗೆ ಹೊಸ ಪಾಠ ಬೇಕಾಗಿಲ್ಲ.

ಕೊನೆಯದಾಗಿ, ಆಸ್ತಿಗಳ ವಹಿಯಲ್ಲಿ ಪ್ರತಿ ಗಣಕಯಂತ್ರದ ಮುಂದೆ ಎರಡು ಅಂಕಣಗಳನ್ನು ಹೆಚ್ಚಿಸಿ: ಅದರಲ್ಲಿರುವ ಕಾರ್ಯಾಚರಣಾ ವ್ಯವಸ್ಥೆಯ ಹೆಸರು ಮತ್ತು ಆವೃತ್ತಿ, ಅದರ ಬೆಂಬಲ ಮುಗಿಯುವ ದಿನಾಂಕ. ವಿಮೆಯ ಅವಧಿಯನ್ನು, ಲಾರಿಯ ಫಿಟ್‌ನೆಸ್ ದಿನಾಂಕವನ್ನು ನಾವು ಬರೆದಿಟ್ಟುಕೊಳ್ಳುತ್ತೇವೆ. ಲೆಕ್ಕವನ್ನು ಹೊತ್ತಿರುವ ಯಂತ್ರಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು. ಎರಡನೆಯ ಅಂಕಣವನ್ನು ತುಂಬಲು ದಿನಾಂಕವೇ ಸಿಗದ ವ್ಯವಸ್ಥೆಯನ್ನು ಗಲ್ಲೆಯ ಯಂತ್ರಕ್ಕೆ ಹಾಕಬೇಡಿ. ಈ ವರ್ಷದ ದಾಸ್ತಾನು ಎಣಿಕೆಯ ಸಮಯದಲ್ಲಿಯೇ ಸದಸ್ಯರು ಈ ಪಟ್ಟಿಯನ್ನು ಸಿದ್ಧಪಡಿಸಿ ತಮ್ಮ ಲೆಕ್ಕಪರಿಶೋಧಕರಿಗೆ ಒಂದು ಪ್ರತಿ ಕೊಡುವುದು ಒಳಿತು.